ಫಲಿತಾಂಶದ ಶೇಕಡಾವಾರು ನೋಡಿ ಕ್ರಿಯಾ ಯೋಜನೆ ರೂಪಿಸಬಹುದೇ?

ಪ್ರಶ್ನೆ: ಮುಖ್ಯ ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ

ಮಾನ್ಯರೇ, ನಮ್ಮದು ಗ್ರಾಮೀಣ ಭಾಗದ ಸಣ್ಣ ಶಾಲೆ. ಎರಡು ವರ್ಷವೂ 25 ಮಕ್ಕಳು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದಿದ್ದು, ಹಿಂದಿನ ಬಾರಿ ಶೇ 84 ಇದ್ದ ಫಲಿತಾಂಶ ಈ ಬಾರಿ ಶೇ 72ಕ್ಕೆ ಇಳಿದಿದೆ. ಇಳಿಕೆಗೆ ಕಾರಣವನ್ನೂ ಮುಂದಿನ ಸಾಲಿನ ಕ್ರಿಯಾ ಯೋಜನೆಯನ್ನೂ ಲಿಖಿತವಾಗಿ ಸಲ್ಲಿಸಬೇಕೆಂದು ಸೂಚನೆ ಬಂದಿದೆ. ‘ಎಲ್ಲರಿಗೂ ಸಂಜೆ ವಿಶೇಷ ತರಗತಿ’ ಎಂದು ಪ್ರತಿ ವರ್ಷ ಬರೆಯುವುದನ್ನೇ ಮತ್ತೆ ಬರೆಯಲು ಮನಸ್ಸಿಲ್ಲ. ಹಾಜರಾತಿ, ಎಫ್‌ಎ (ರೂಪಣಾತ್ಮಕ) ಮತ್ತು ಎಸ್‌ಎ (ಸಂಕಲನಾತ್ಮಕ) ಮೌಲ್ಯಮಾಪನದ ಅಂಕಗಳು, ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳು ಎಲ್ಲವೂ ಕೈಯಲ್ಲಿವೆ. ಇವುಗಳಲ್ಲಿ ಯಾವುದನ್ನು ಆಧಾರವಾಗಿಟ್ಟುಕೊಳ್ಳಬೇಕು?

ಉತ್ತರ 1: ನಿವೃತ್ತ ವಿಷಯ ಪರಿವೀಕ್ಷಕ

ಮೇಡಂ, ಮೊದಲು ಆ ಶೇ 12ರ ಇಳಿಕೆಯನ್ನು ಮಕ್ಕಳ ಲೆಕ್ಕಕ್ಕೆ ತನ್ನಿ. 21 ಜನ ಉತ್ತೀರ್ಣರಾಗಿದ್ದ ಕಡೆ 18 ಜನ ಆಗಿದ್ದಾರೆ, ಅಂದರೆ ವ್ಯತ್ಯಾಸ ಮೂವರದು. ಇಷ್ಟು ಸಣ್ಣ ತರಗತಿಯಲ್ಲಿ ಒಂದು ಮಗು ಎಂದರೆ ಶೇ 4. ಒಬ್ಬರಿಗೆ ಜ್ವರ ಬಂದರೂ ಶಾಲೆಯ ‘ಗುಣಮಟ್ಟ’ ಕುಸಿದಂತೆ ಕಾಣುತ್ತದೆ.

ವರ್ಷದಿಂದ ವರ್ಷಕ್ಕೆ ಅಳತೆಗೋಲೇ ಬದಲಾಗುತ್ತದೆ ಎಂಬುದನ್ನೂ ಮರೆಯಬಾರದು. ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು, 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದಾಗ, ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಅದು ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ದಡ್ಡರಾದರೆಂದು ಯಾರೂ ಹೇಳಲಾರರು. ಆದ್ದರಿಂದ ವರದಿಯಲ್ಲಿ ಶೇಕಡಾವಾರಿನ ಪಕ್ಕದಲ್ಲಿ ಮಕ್ಕಳ ಸಂಖ್ಯೆಯನ್ನೂ ಕಳೆದ ಐದು ವರ್ಷಗಳ ಏರಿಳಿತವನ್ನೂ ತಪ್ಪದೆ ನಮೂದಿಸಿ.

ಉತ್ತರ 2: ಗಣಿತ ಶಿಕ್ಷಕ

ನಿಮ್ಮ ಬಳಿ ಇರುವುದರಲ್ಲಿ ಹೆಚ್ಚು ಬೆಲೆಯುಳ್ಳದ್ದು ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು. ಒಟ್ಟು ಅಂಕ ಯಾರು ಹಿಂದಿದ್ದಾರೆ ಎಂಬುದನ್ನಷ್ಟೇ ಹೇಳುತ್ತದೆ. ಎಲ್ಲಿ ಎಡವಿದ್ದಾರೆ ಎಂಬುದು ತಿಳಿಯಬೇಕಾದರೆ ಪ್ರಶ್ನೆವಾರು ನೋಡಲೇಬೇಕು. ಅಡ್ಡಸಾಲಿನಲ್ಲಿ ಪ್ರಶ್ನೆ, ಉದ್ದಸಾಲಿನಲ್ಲಿ ಮಕ್ಕಳ ಹೆಸರು ಇರುವ ಒಂದು ಹಾಳೆ ಸಾಕು.

ಒಂದು ಉದಾಹರಣೆ ಕೊಡುತ್ತೇನೆ. ‘ಎರಡು ಕ್ರಮಾಗತ ಧನ ಪೂರ್ಣಾಂಕಗಳ ವರ್ಗಗಳ ಮೊತ್ತ 365 ಆದರೆ ಆ ಸಂಖ್ಯೆಗಳನ್ನು ಕಂಡುಹಿಡಿಯಿರಿ’ ಎಂಬ ಲೆಕ್ಕದಲ್ಲಿ ನಮ್ಮ ತರಗತಿಯ ಬಹುತೇಕರಿಗೆ ಸೊನ್ನೆ ಬಂದಿತ್ತು. ವರ್ಗಸಮೀಕರಣ ಅರ್ಥವಾಗಿಲ್ಲವೆಂದು ಇಡೀ ಅಧ್ಯಾಯವನ್ನು ಮತ್ತೆ ಬೋಧಿಸುವ ಮೊದಲು ಉತ್ತರಗಳನ್ನು ಓದಿದೆವು. ಕೆಲವರು ಸಂಖ್ಯೆಗಳನ್ನು ಮೊದಲು ಕೂಡಿಸಿ ಆಮೇಲೆ ವರ್ಗ ಮಾಡಿದ್ದರು, ಕೆಲವರು ವರ್ಗವನ್ನೇ ಬಿಟ್ಟಿದ್ದರು. ಸಮೀಕರಣವನ್ನು ಹಲಗೆಯ ಮೇಲೆ ನಾವೇ ಬರೆದುಕೊಟ್ಟಾಗ ಅದೇ ಮಕ್ಕಳು ಅಪವರ್ತಿಸಿ 13 ಮತ್ತು 14 ಎಂಬ ಉತ್ತರ ತಂದರು. ತೊಡಕು ಇದ್ದದ್ದು ವಾಕ್ಯವನ್ನು ಓದಿ ಸಮೀಕರಣವಾಗಿಸುವ ಹಂತದಲ್ಲಿ. ಅದಕ್ಕೆ ಬೇಕಾದದ್ದು ದಿನಕ್ಕೊಂದು ವಾಕ್ಯರೂಪದ ಲೆಕ್ಕವನ್ನು ಬಿಡಿಸದೆ, ಬರೀ ಸಮೀಕರಣ ಬರೆಸುವ ಅಭ್ಯಾಸ. ಸಂಜೆಯ ವಿಶೇಷ ತರಗತಿಯಲ್ಲಿ ಹಳೆಯ ಪಾಠವನ್ನೇ ಮತ್ತೊಮ್ಮೆ ಹೇಳಿದ್ದರೆ ಇದು ಬಗೆಹರಿಯುತ್ತಿರಲಿಲ್ಲ.

ಉತ್ತರ 3: ಸಮಾಜ ವಿಜ್ಞಾನ ಶಿಕ್ಷಕಿ

ಸರ್ ಹೇಳಿದ್ದು ಸರಿ, ಆದರೆ ಆರು ವಿಷಯಗಳಿಗೂ ಇಂಥ ಪಟ್ಟಿ ಮಾಡಿ ಎಂದು ಆದೇಶ ಹೊರಡಿಸಿದರೆ ಅದು ಇನ್ನೊಂದು ನಮೂನೆಯಾಗಿ, ತುಂಬಿ ಕಳಿಸಿದಲ್ಲಿಗೆ ಮುಗಿಯುತ್ತದೆ. ಹೆಚ್ಚು ಮಕ್ಕಳು ಅನುತ್ತೀರ್ಣರಾದ ಒಂದೆರಡು ವಿಷಯಗಳಿಗೆ ಮಾತ್ರ ಮಾಡಿ. ಜೊತೆಗೆ ಕಳೆದ ಸಾಲಿನ ವಿಶೇಷ ತರಗತಿಯ ಹಾಜರಾತಿಯನ್ನೂ ನೋಡಿ. ನಮ್ಮಲ್ಲಿ ಸಂಜೆ ಉಳಿಯುತ್ತಿದ್ದವರು ಹೇಗಿದ್ದರೂ ಪಾಸಾಗುವ ಊರಿನ ಮಕ್ಕಳು. ಹಿಂದುಳಿದವರಲ್ಲಿ ಹೆಚ್ಚಿನವರು ದೂರದ ಹಳ್ಳಿಗಳಿಂದ ಬಂದು ಐದು ಗಂಟೆಯ ಬಸ್ಸಿಗೆ ಹೊರಡುತ್ತಿದ್ದರು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಅನುತ್ತೀರ್ಣರಾದ ಏಳು ಮಕ್ಕಳ ಪೈಕಿ ಐವರು ಬಸ್ಸಿನಲ್ಲಿ ಬರುವವರೇ ಎಂಬುದು ಈಗ ಗಮನಕ್ಕೆ ಬಂತು. ವಿಶೇಷ ತರಗತಿಯನ್ನು ಊಟದ ಬಿಡುವಿನ ನಂತರದ ಅವಧಿಗೆ ತರುವ ಪ್ರಸ್ತಾವವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿಡುತ್ತೇನೆ. ವೇಳಾಪಟ್ಟಿಯಲ್ಲಿ ಯಾವ ಅವಧಿಯನ್ನೂ ಕಡಿತಗೊಳಿಸದೆ ಇದನ್ನು ಹೊಂದಿಸಿದವರು ಇದ್ದರೆ ದಯವಿಟ್ಟು ತಿಳಿಸಿ.