ಹಳೆ ಅಂಗಡಿ ಕಟ್ಟಡಕ್ಕೆ ಮೊದಲಿನ ಮುಖ ಬರಬೇಕಾದರೆ ಎಲ್ಲಿಂದ ಶುರು?

ಪ್ರಶ್ನೆ: ಸರ್, ಮಡಿಕೇರಿ ಪೇಟೆಯಲ್ಲಿ ನಮ್ಮ ತಾತನ ಕಾಲದ, ಹೆಂಚು ಹೊದಿಸಿದ ಅಂಗಡಿ ಇದೆ. ಇಟ್ಟಿಗೆ ಗೋಡೆ, ಮೇಲೆ ಮರದ ಮಹಡಿ. ಎದುರಿಗೆ ಎಸಿಪಿ (ಅಲ್ಯೂಮಿನಿಯಂ-ಪ್ಲಾಸ್ಟಿಕ್) ಶೀಟ್ ಹೊಡೆಸಿದ್ದಾರೆ, ಒಳಗೆ ಸಿಮೆಂಟ್ ಪ್ಲಾಸ್ಟರ್. ಪ್ರತಿ ಕಕ್ಕಡಕ್ಕೂ (ಜುಲೈ-ಆಗಸ್ಟ್‌ನ ಜೋರು ಮಳೆ ತಿಂಗಳು) ಗೋಡೆ ಒದ್ದೆಯಾಗಿ ಬಣ್ಣ ಏಳುತ್ತದೆ. ಮೊದಲಿನ ಹಾಗೆ ಮಾಡಿಸಬೇಕು. ಕಂಟ್ರಾಕ್ಟರ್ 'ಹೆರಿಟೇಜ್ ಲುಕ್' ಕೊಡ್ತೀನಿ ಅಂತಿದ್ದಾರೆ.

ಉತ್ತರ (ಹಳೆ ಕಟ್ಟಡಗಳ ಆರ್ಕಿಟೆಕ್ಟ್): ಆ ಲುಕ್ ಬೇಡ. ಹೊಸ ಕಮಾನು, ಹೊಸ ಕಂಬ ಅಂಟಿಸಿದರೆ ಅದು ರೆಸಾರ್ಟ್ ಆಗುತ್ತದೆ, ನಿಮ್ಮ ತಾತನ ಅಂಗಡಿ ಆಗಲ್ಲ. ಮೊದಲು ಶೀಟ್ ಬಿಚ್ಚಿಸಿ, ಹಿಂದೆ ಏನು ಉಳಿದಿದೆ ನೋಡಿ. ಹೊಸಿಲಲ್ಲಿ ಉದ್ದಕ್ಕೆ ಕೊರೆದ ಸಣ್ಣ ಕಾಲುವೆ ಇದ್ದರೆ ಅಲ್ಲಿ ಒಂದೊಂದಾಗಿ ಜಾರಿಸುವ ಹಲಗೆ ಬಾಗಿಲು ಇತ್ತು ಅಂತ ಅರ್ಥ. ಮರದ ಮೇಲಿನ ಬಣ್ಣವನ್ನು ಬ್ಲೇಡಿನಲ್ಲಿ ಸ್ವಲ್ಪ ಜಾಗದಲ್ಲಿ ಮಾತ್ರ ಕೆರೆದರೆ ಹಳೆ ಪದರಗಳು ಒಂದೊಂದೇ ಕಾಣುತ್ತವೆ. ಪೇಟೆಯ ಹಳೆ ದಸರಾ ಫೋಟೋಗಳನ್ನೂ ಕೇಳಿ ನೋಡಿ, ಹಿಂದುಗಡೆ ಅಂಗಡಿ ಸಾಲು ಬಿದ್ದಿರುತ್ತದೆ.

ಗೋಡೆಯ ವಿಷಯ ಬೇರೆ. ಸುಣ್ಣದ ಗಾರೆಯ ಗೋಡೆ ಹೀರಿದ ನೀರನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ, ಬಣ್ಣ ಏಳುವುದು ಅದಕ್ಕೇ. ಪ್ಲಾಸ್ಟರನ್ನು ಉಳಿಯಲ್ಲಿ ನಿಧಾನವಾಗಿ ತೆಗೆಸಿ, ಒಡೆಯುವ ಬ್ರೇಕರ್ ಮೆಷಿನ್ ಬೇಡ, ಹಳೆ ಇಟ್ಟಿಗೆ ಒಡೆಯುತ್ತದೆ. ಆಮೇಲೆ ಸುಣ್ಣದ ಗಾರೆ, ಮೇಲೆ ಸುಣ್ಣ. ಡಾಂಬರ್ ಮೇಲೆ ಡಾಂಬರ್ ಹಾಕಿ ರಸ್ತೆಯೇ ನಿಮ್ಮ ಹೊಸಿಲಿಗಿಂತ ಮೇಲಾಗಿದ್ದರೆ ಮೊದಲು ಅಲ್ಲಿ ನೀರು ಹೋಗಲು ದಾರಿ ಮಾಡಿ, ಇಲ್ಲದಿದ್ದರೆ ಎಲ್ಲಾ ಸುಮ್ನೆ.

ಪ್ರಶ್ನೆ: ಮಳೆಗಾಲ ಮುಗಿದ ತಕ್ಷಣ ಶುರು ಮಾಡಬಹುದಾ?

ಉತ್ತರ: ಹುತ್ತರಿ (ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ) ಆಗಲಿ, ಗೋಡೆ ಒಣಗಬೇಕು. ಗಾರೆ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದಕ್ಕೆ ವಾರಗಟ್ಟಲೆ ಬೇಕು. ಬಿಸಿಲಿಗೆ ಬೇಗ ಒಣಗಿದರೆ ಬಿರುಕು, ಒದ್ದೆ ಗೋಣಿ ಹೊದಿಸಿ.

ಇನ್ನೊಬ್ಬರು: ಅಣ್ಣ, ಹಲಗೆ ಬಾಗಿಲು ಹಾಕಿದ್ರೆ ಕಳ್ಳರ ಭಯ ಇಲ್ವಾ?

ಉತ್ತರ: ರೋಲಿಂಗ್ ಶಟರ್ ಹಲಗೆಯ ಒಳಗಡೆ ಇರಲಿ, ಹೊರಗೆ ಕಾಣಲ್ಲ. ಬೋರ್ಡನ್ನೂ ಇಟ್ಟಿಗೆಗೆ ಕೊರೆಯದೆ ಗಾರೆ ಸಂದಿಯಲ್ಲಿ ಸ್ಕ್ರೂ ಮಾಡಿ, ನಾಳೆ ತೆಗೆದರೂ ಗಾಯ ಆಗಲ್ಲ. ಇನ್ನೊಂದು, ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅದರೊಳಗೆ ನಿಮ್ಮ ಅಂಗಡಿ ಬಂದರೆ ರಿಪೇರಿಗೂ ಅನುಮತಿ ಬೇಕು. ನಗರಸಭೆಯಲ್ಲೂ ವಿಚಾರಿಸಿಕೊಂಡೇ ಶೀಟ್ ಬಿಚ್ಚಿ.