ಇಕ್ಕಟ್ಟಾದ ಓಣಿಯಲ್ಲಿ ಕಾರನ್ನು ನೇರವಾಗಿ ರಿವರ್ಸ್ ತೆಗೆಯೋದು ಹೇಗೆ?

ಪ್ರಶ್ನೆ: ಮನೆ ಓಣಿ 8 ಅಡಿ ಅಗಲ, ಸುಮಾರು 60 ಅಡಿ ಉದ್ದ. ತಿರುಗಿಸೋಕೆ ಜಾಗ ಇಲ್ಲ. ಎಡಕ್ಕೆ ತೆರೆದ ಚರಂಡಿ, ಬಲಕ್ಕೆ ಕಾಂಪೌಂಡ್. ಮ್ಯಾನ್ಯುಯಲ್ ಗೇರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮೊದಲ ಹತ್ತು ಅಡಿ ಸರಿಯಾಗಿ ಬರುತ್ತೆ, ಆಮೇಲೆ ಹಾವಿನ ಹಾಗೆ ಹೊರಳಾಡುತ್ತೆ. ಗೊತ್ತಿರೋರು ತಿಳಿಸಿ.

ಉತ್ತರ 1: ಹೊರಳಾಡೋದು ಸ್ಟೀರಿಂಗ್ ಜಾಸ್ತಿ ತಿರುಗಿಸಿ, ತಡವಾಗಿ ವಾಪಸ್ ತರೋದರಿಂದ. ರಿವರ್ಸಲ್ಲಿ ಸ್ಟೀರಿಂಗ್ ಎಡಕ್ಕೆ ತಿರುಗಿಸಿದ್ರೆ ಡಿಕ್ಕಿ ಎಡಕ್ಕೆ ಹೋಗುತ್ತೆ, ಜೊತೆಗೇ ಬಾನೆಟ್ಟಿನ ಮೂಲೆ ಬಲಕ್ಕೆ ಬೀಸುತ್ತೆ. ಆಮೇಲೆ ಸ್ಟೀರಿಂಗ್ ನೇರ ಮಾಡಿದ್ರೂ ಕಾರು ಓರೆಯಾಗಿಯೇ ಸಾಗುತ್ತೆ. ಓಣಿಗೆ ಸಮ ಆಗ್ಬೇಕು ಅಂದ್ರೆ ಅಷ್ಟೇ ಪ್ರಮಾಣ ಬಲಕ್ಕೂ ಕೊಟ್ಟು, ಆಮೇಲೆ ನೇರ ಮಾಡ್ಬೇಕು. ಈ ಎರಡನೇ ಕೆಲಸ ಬಿಟ್ಟುಹೋಗೋದೇ ಬಹುತೇಕರ ತೊಂದರೆ.

ಒಂದು ಸಲಕ್ಕೆ ಸ್ಟೀರಿಂಗಿನ ಅಂಚು 2–3 ಇಂಚು ಸರಿದ್ರೆ ಸಾಕು. ಡಿಕ್ಕಿ ಅಲುಗಿತು ಅನ್ನೋಷ್ಟರಲ್ಲಿ ವಾಪಸ್ ತನ್ನಿ. ಹಳೇ ಕಾರಾದ್ರೆ ಸ್ಟೀರಿಂಗಿನ ಪ್ಲೇ (ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಅಲ್ಲಾಡೋ ಸಡಿಲ) ಮೊದಲ ಇಂಚನ್ನ ನುಂಗಿಬಿಡುತ್ತೆ, ಅದನ್ನ ಲೆಕ್ಕದಲ್ಲಿಟ್ಕೊಳ್ಳಿ. ಚಕ್ರ ನೇರ ಇರೋವಾಗ ಸ್ಟೀರಿಂಗಿನ ನೆತ್ತಿಗೆ ಒಂದು ತುಂಡು ಬಣ್ಣದ ಟೇಪ್ ಅಂಟಿಸಿ. ಎಷ್ಟು ತಿರುಗಿಸಿದ್ದೀರಿ ಅನ್ನೋದು ಒಂದೇ ನೋಟಕ್ಕೆ ಗೊತ್ತಾಗುತ್ತೆ.

ಬಲಗೈ ಆ ಟೇಪಿನ ಮೇಲೆ, ಎಡಗೈ ಪಕ್ಕದ ಸೀಟಿನ ಬೆನ್ನಿಗೆ. ಹಿಂದಿನ ಗಾಜಿನಲ್ಲಿ ಓಣಿಯ ಆ ತುದಿಯನ್ನ ನೋಡಿ. ಬಂಪರಿನ ಹತ್ತಿರವೇ ಕಣ್ಣಿಟ್ರೆ ಓರೆಯಾಗಿದ್ದು ತಡವಾಗಿ ಕಾಣುತ್ತೆ, ಗಾಬರಿಯಲ್ಲಿ ಜಾಸ್ತಿ ತಿರುಗಿಸ್ತೀರಿ.

ಉತ್ತರ 2: ಮೇಲಿನದಕ್ಕೆ ಸೇರಿಸೋದಾದ್ರೆ, ಕೆಲಸ ಅರ್ಧ ಕೆಡೋದು ವೇಗದಿಂದ. ನಡೆಯೋ ವೇಗಕ್ಕಿಂತ ನಿಧಾನ ಇರಲಿ. ಸಮತಟ್ಟಿನಲ್ಲಿ ಆಕ್ಸಿಲರೇಟರ್ ಬೇಕಾಗಲ್ಲ: ಕ್ಲಚ್ಚನ್ನ ಹಿಡಿಯೋ ಜಾಗದವರೆಗೆ ಬಿಟ್ಟು, ಕಾರು ಹೊರಟ ತಕ್ಷಣ ಸ್ವಲ್ಪ ಒತ್ತಿ ಹಿಡ್ಕೊಳ್ಳಿ, ಬಲಗಾಲು ಬ್ರೇಕಿನ ಮೇಲೇ ಇರಲಿ. ಹಾಫ್ ಕ್ಲಚ್ಚಲ್ಲಿ ತುಂಬಾ ಹೊತ್ತು ಎಳೆದ್ರೆ ಪ್ಲೇಟ್ ಬಿಸಿಯಾಗಿ ಸುಟ್ಟ ವಾಸನೆ ಬರುತ್ತೆ, ಆಗ ನಿಲ್ಲಿಸಿ.

ಗೇರ್ ಕರ್ರ್ ಅಂದ್ರೆ ಬಲವಂತ ಬೇಡ. ಬಹಳಷ್ಟು ಕಾರುಗಳ ರಿವರ್ಸ್ ಗೇರಿಗೆ ಸಿಂಕ್ರೊಮೆಶ್ (ಗೇರುಗಳ ವೇಗ ಸಮ ಮಾಡಿ ಸಲೀಸಾಗಿ ಕೂರಿಸೋ ಭಾಗ) ಇರಲ್ಲ. ಕಾರು ಪೂರ್ತಿ ನಿಲ್ಲಲಿ, ಕ್ಲಚ್ ತಳಮುಟ್ಟ ಒತ್ತಿ ಎರಡು ಸೆಕೆಂಡ್ ಬಿಟ್ಟು ಹಾಕಿ. ಆಗಲೂ ಬೀಳದಿದ್ರೆ ಒಮ್ಮೆ ಫಸ್ಟಿಗೆ ಹಾಕಿ ತೆಗೆದು ಮತ್ತೆ ಪ್ರಯತ್ನಿಸಿ.

ಪ್ರಶ್ನೆ ಕೇಳಿದವರು: ರಿವರ್ಸ್ ಕ್ಯಾಮೆರಾ ಇದೆ. ಅದನ್ನೇ ನೋಡ್ಕೊಂಡು ಬಂದ್ರೆ ಸಾಲದಾ?

ಉತ್ತರ 3: ಸಾಲದು. ಅಗಲದ ಲೆನ್ಸಿನಲ್ಲಿ ವಸ್ತುಗಳು ಇರೋದಕ್ಕಿಂತ ದೂರ ಕಾಣ್ತವೆ, ಮುಂದಿನ ಮೂಲೆಗಳು ಕಾಣೋದೇ ಇಲ್ಲ. ನಿಮಗೆ ಚರಂಡಿ ಇರೋದ್ರಿಂದ ಎಡ ಕನ್ನಡಿಯನ್ನ ಹಿಂದಿನ ಚಕ್ರ ನೆಲ ಮುಟ್ಟೋ ಜಾಗ ಕಾಣೋಷ್ಟು ಕೆಳಗೆ ಬಗ್ಗಿಸಿ. ಅಂಚಿಗೂ ಚಕ್ರಕ್ಕೂ ಮಧ್ಯೆ ಇರೋ ನೆಲದ ಪಟ್ಟಿ ಒಂದೇ ಅಗಲ ಉಳಿದ್ರೆ ನೀವು ನೇರ. ದಿಕ್ಕಿಗೆ ಹಿಂದಿನ ಗಾಜು, ಅಂತರಕ್ಕೆ ಕನ್ನಡಿ, ಕ್ಯಾಮೆರಾ ಹಿಂದೆ ಮಗುವೋ ನಾಯಿಯೋ ಇದೆಯಾ ಅಂತ ನೋಡೋಕೆ. 2019ರ ಜುಲೈನಿಂದ ಹೊಸ ಕಾರುಗಳಿಗೆ ಪಾರ್ಕಿಂಗ್ ಸೆನ್ಸರ್ ಕಡ್ಡಾಯ, ಆದ್ರೆ ತೆಳು ಕಂಬಿ, ಗಿಡ್ಡ ಕಲ್ಲು ಅದಕ್ಕೆ ತಪ್ಪಿಹೋಗಬಹುದು. ಚರಂಡಿಗಂತೂ ಅದು ಕೂಗೋದೇ ಇಲ್ಲ.

ಉತ್ತರ 4: ಎಲ್ಲರೂ ಹೊರಗೆ ಬರೋದನ್ನೇ ಹೇಳ್ತಿದ್ದೀರಿ. ಒಳಗೆ ಹೋಗೋವಾಗಲೇ ರಿವರ್ಸ್ ಹೋಗಿ, ಬೆಳಿಗ್ಗೆ ಮುಂದಾಗಿ ಬನ್ನಿ. ರಸ್ತೆಗೆ ಕುರುಡಾಗಿ ಹಿಂದೆ ಬರೋ ಅಪಾಯವೇ ತಪ್ಪುತ್ತೆ. ಓಣಿಯ ಬಾಯಿ ದಾಟಿ, ಕಾರು ಓಣಿಗೆ ನೇರ ಆದಮೇಲೆ ನಿಲ್ಲಿಸಿ, ಒಮ್ಮೆ ಇಳಿದು ನೋಡಿ: ಕಾಂಪೌಂಡಿನಿಂದ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ ಒಂದೇ ಇರಬೇಕು. ಇಲ್ಲದಿದ್ರೆ ಮುಂದೆ ಹೋಗಿ ಸರಿಮಾಡಿ. ಓರೆಯಲ್ಲಿ ಶುರು ಮಾಡಿದ್ದನ್ನ 8 ಅಡಿಯಲ್ಲಿ ತಿದ್ದೋಕೆ ಜಾಗ ಸಿಗಲ್ಲ.

ಉತ್ತರ 5: ಮನೆಯವರು ಯಾರಾದ್ರೂ "ಬರ್ಲಿ, ಬರ್ಲಿ" ಅಂತ ಹೇಳೋಕೆ ನಿಂತ್ರೆ, ಕಾರಿನ ಹಿಂದೆ ಮಾತ್ರ ನಿಲ್ಲಿಸಬೇಡಿ. ಸಾಕಷ್ಟು ದೂರದಲ್ಲಿ, ನಿಮ್ಮ ಬಲ ಕನ್ನಡಿಯಲ್ಲಿ ಕಾಣೋ ಹಾಗೆ ಇರಲಿ. ಅವರು ಕನ್ನಡಿಯಿಂದ ಮರೆಯಾದ್ರೆ ಅದೇ "ಹೋಲ್ಡಾನ್" ಅಂತ ಮೊದಲೇ ಮಾತಾಡ್ಕೊಂಡಿರಿ.