'ಸ್ವಂತ ವಾಕ್ಯದಲ್ಲಿ ಬಳಸಿರಿ': ಎಲ್ಲಾ ಪದಕ್ಕೂ ಒಂದೇ ನಮೂನಿ ವಾಕ್ಯ ಬರೀಲತ್ತಾನ

ಸೇಡಂ ಪಾಲಕ:
ಮಗ ಏಳನೇ ತರಗತಿ ಅದಾನ್ರಿ. ಹೊಸ ಪದ ಕೊಟ್ಟು 'ಸ್ವಂತ ವಾಕ್ಯದಲ್ಲಿ ಬಳಸಿರಿ' ಅಂದ್ರ 'ಉಪೇಕ್ಷೆ ಒಳ್ಳೆಯದಲ್ಲ', 'ಅವಲಂಬನೆ ಬಹಳ ಮುಖ್ಯ' ಅಂತ ಬರೀತಾನ. ಅರ್ಥ ಬಾಯಿಪಾಠ ಅದ, ವಾಕ್ಯದಾಗ ತಪ್ಪೂ ಇಲ್ಲ. ಆದ್ರೂ ಮಾರ್ಕ್ಸ್ ಹೋಗಲತ್ತಾವ. ಹ್ಯಾಂಗ ಕಲಿಸಬೇಕ್ರಿ?

ಚಾಕ್‌ಪೀಸ್:
ಆ ಪದದ ಮ್ಯಾಲ ಬೆರಳಿಟ್ಟು ಮುಚ್ರಿ. ಅಲ್ಲಿ 'ಜಗಳ', 'ಸೋಮಾರಿತನ' ಏನಿಟ್ಟರೂ ವಾಕ್ಯ ನಡೀತದಲ್ಲ? ಹಂಗಾದ್ರ ಅವನಿಗೆ ಅರ್ಥ ತಿಳಿದದ ಅನ್ನೋದಕ್ಕ ವಾಕ್ಯದಾಗ ಸಾಕ್ಷಿ ಇಲ್ಲ. ಯಾರು, ಯಾವುದನ್ನ, ಅದರಿಂದ ಏನಾಯ್ತು, ಇವನ್ನ ಸೇರಿಸಲಿ: 'ತೊಗರಿಗೆ ಕಾಯಿಕೊರಕ ಬಿದ್ದದ್ದನ್ನು ಕಂಡರೂ ರೈತ ಉಪೇಕ್ಷಿಸಿದ್ದರಿಂದ ಅರ್ಧ ಬೆಳೆ ಹಾಳಾಯಿತು.' ಈಗ ಬೆರಳಿಟ್ಟರೂ ಒಳಗಿನ ಪದ ಊಹಿಸಬಹುದು. 'ಕಂಡರೂ' ಅನ್ನೋದೇ ಇಲ್ಲಿ ಜೀವ. ಗೊತ್ತಿದ್ದೂ ಗಮನ ಕೊಡದಿದ್ರ ಉಪೇಕ್ಷೆ. ಬಸ್ ಚಾಲಕ ಎಚ್ಚರಿಕೆ ಇಲ್ದೆ ಓಡಿಸಿ ಗುದ್ದಿದ್ರ ಅದು ನಿರ್ಲಕ್ಷ್ಯ, ಅಲ್ಲಿ 'ಉಪೇಕ್ಷೆ' ಒಗ್ಗಲ್ಲ. ಅರ್ಥಕೋಶದಾಗ ಎರಡೂ ಅಕ್ಕಪಕ್ಕ ಕುಂತಿರ್ತಾವ, ಮಕ್ಕಳು ಅಲ್ಲೇ ಎಡವ್ತಾರ. 'ಅಪೇಕ್ಷೆ' ಜೊತಿ ಅದಲುಬದಲು ಆಗೋದು ಬೇರೆ.

ವಿಭಕ್ತಿಪ್ರಿಯ:
'ಅವಲಂಬನೆ'ದು ರೋಗ ಬೇರೆ ಅದ. ಪದವನ್ನ ಒಂಟಿಯಾಗಿ ಕಲಿಸಿದ್ರ ಹಿಂಗೇ ಆಗ್ತದ. ನೋಟ್‌ಬುಕ್ಕಿನ್ಯಾಗ ಪ್ರತ್ಯಯ ಸಮೇತ ಬರೆಸ್ರಿ: '-ಅನ್ನು ಅವಲಂಬಿಸು', '-ಇಂದ ವಂಚಿತ', '-ಗೆ ಪಾತ್ರ', '-ಅನ್ನು ಹೋಲು'. 'ಬೆಳೆ ಮಳೆಯ ಮೇಲೆ ಅವಲಂಬಿಸಿದೆ' ಅನ್ನೋದು ಇಂಗ್ಲಿಷಿನ ಜಾಡು, 'ಮಳೆಯನ್ನು ಅವಲಂಬಿಸಿದೆ' ಆಗಬೇಕು. ಇನ್ನೊಂದು, ನಾಮಪದ ಇಟ್ಟುಕೊಂಡ್ರ 'ಒಳ್ಳೆಯದಲ್ಲ', 'ಮುಖ್ಯ' ಅಂತ ಮುಗಿಸಿ ಏಳೋಕೆ ಸಲೀಸು. ಕ್ರಿಯಾಪದ ಮಾಡಿಸ್ರಿ. ಉಪೇಕ್ಷಿಸು ಅಂದ ಕೂಡಲೇ ಕರ್ತೃ, ಕರ್ಮ ತಾವಾಗೇ ಬೇಕಾಗ್ತಾವ.

ಬೀದರಿನಾಕಿ:
ಪದದ ಬಣ್ಣನೂ ನೋಡ್ರಿ. 'ಬೀದರ್ ಬಿದರಿ ಕಲೆಗೆ ಕುಖ್ಯಾತ': ವ್ಯಾಕರಣ ಚೊಕ್ಕ, ಊರಿನ ಮರ್ಯಾದಿ ಮಾತ್ರ ಹೋಯ್ತು! ಕೆಟ್ಟದ್ದಕ್ಕ ಹೆಸರಾದ್ರ ಕುಖ್ಯಾತ.
ಬರೆಯೋಕ ಮೊದಲು ಮನೀ ಮಾತಿನ್ಯಾಗ ಬಾಯಿಲೇ ಹೇಳಿಸ್ರಿ: 'ಡಾಕ್ಟ್ರು ಹೇಳಿದ್ರೂ ಲಕ್ಷ್ಯ ಕೊಡ್ಲಿಲ್ಲ.' ಆಮ್ಯಾಲ ಬರಹಕ್ಕ ತಿರುಗಿಸಲಿ: 'ವೈದ್ಯರ ಸಲಹೆಯನ್ನು ಉಪೇಕ್ಷಿಸಿದ.' ದಿನಕ್ಕ ಎರಡೇ ಪದ ಸಾಕು. ಅವನ್ನೇ ಮೂರನೇ ದಿನ, ಮತ್ತ ಮುಂದಿನ ವಾರ ಕೇಳ್ರಿ. ಹಳೇ ವಾಕ್ಯನೇ ಒಪ್ಪಿಸಿದ್ರ ತಗೋಬ್ಯಾಡ್ರಿ.

ಸೇಡಂ ಪಾಲಕ:
ಈಗ ಬರೆದದ್ದು: 'ಮಳೆ ಕೈಕೊಟ್ಟಿದ್ದರಿಂದ ಊರಿನವರು ನೀರಿಗಾಗಿ ಬೋರ್‌ವೆಲ್ ಅವಲಂಬಿಸಿದರು.' ನಡೀತದೇನ್ರಿ?

ವಿಭಕ್ತಿಪ್ರಿಯ:
ಭಾಳ ಚಲೋ ಅದ. 'ಅನ್ನು' ಒಂದು ಬಿಟ್ಟಾನ ನೋಡ್ರಿ. ಪರೀಕ್ಷಾದಾಗ 'ಕೊಳವೆಬಾವಿಯನ್ನು' ಅಂತ ಬರೀಲಿ.